ಅಮೆರಿಕದ ಇತಿಹಾಸವೊಂದನ್ನು ಬಿಟ್ಟು

ಬಿ.ಎ. ಕೊನೆಯ ಸೆಮಿಸ್ಟರಿನಲ್ಲಿ ಅಮೆರಿಕದ ಇತಿಹಾಸ ಎಂಬ ಒಂದು ಪೇಪರು ಇದೆ. ಹದಿನಾಲ್ಕು ವರ್ಷದಿಂದ ನಾನು ಅದನ್ನು ಪಾಠ ಮಾಡುತ್ತಿದ್ದೇನೆ. ಹಿರಿಯೂರಿನಲ್ಲಿ ಮೂರು ವರ್ಷ, ಹೊಸದುರ್ಗದಲ್ಲಿ ಐದು, ಉಳಿದದ್ದು ಹೊಳಲ್ಕೆರೆ ಕಡೆಯ ಒಂದು ಕಾಲೇಜಿನಲ್ಲಿ. ಅದರ ಹೆಸರು ಇಲ್ಲಿ ಬೇಡ. ನಾನು ಅತಿಥಿ ಉಪನ್ಯಾಸಕಿ. ಎಂದರೆ ಪ್ರತಿ ವರ್ಷ ಹೊಸದಾಗಿ ಅರ್ಜಿ ಹಾಕಿ, ಕೌನ್ಸೆಲಿಂಗಿಗೆ ನಿಂತು, ಕರೆದರೆ ಬರುವವಳು, ಕರೆಯದಿದ್ದರೆ ಮನೆಯಲ್ಲಿರುವವಳು. ಮನೆ ಚಿತ್ರದುರ್ಗದಲ್ಲಿ. ಬೆಳಗ್ಗೆ ಐದಕ್ಕೆ ಎದ್ದು ಒಂದು ಒಲೆಯಲ್ಲಿ ಅನ್ನಕ್ಕಿಟ್ಟು, ಇನ್ನೊಂದರಲ್ಲಿ ರೊಟ್ಟಿ ಬೇಯಿಸಿ, ಮನೆಯವರಿಗೂ ಮಗಳಿಗೂ ಡಬ್ಬಿ ಕಟ್ಟಿ, ಏಳೂವರೆ ಬಸ್ಸು ಹಿಡಿಯುತ್ತೇನೆ. ದಾರಿಯಲ್ಲಿ ಅದಿರಿನ ಲಾರಿಗಳು ಸಿಕ್ಕಿದರೆ ಸೀರೆಯ ನೆರಿಗೆಯೊಳಗೂ ಕೆಂಪು ಧೂಳು ಕೂರುತ್ತದೆ. ಕಾಲೇಜಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡೇ ನಾನು ತರಗತಿಗೆ ಹೋಗುವುದು.

ಆ ಪೇಪರಿನಲ್ಲಿ ನನಗೆ ಇಷ್ಟವಾದದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗ. ರೈಲು, ಉಕ್ಕು, ಎಣ್ಣೆ, ಗಿರಣಿ. ಗೈಡಿನಲ್ಲಿ ಅದು ಬರೀ ಆರು ಪುಟ. ನಾನು ಆರು ವಾರ ತೆಗೆದುಕೊಳ್ಳುತ್ತೇನೆ. ಆ ಕಾಲಕ್ಕೆ ಗಿಲೀಟು ಯುಗ ಎಂದು ಹೆಸರು. ಗಿಲೀಟು ಅಂದರೆ ಈಗಿನ ಹುಡುಗಿಯರಿಗೆ ಗೊತ್ತಿಲ್ಲ. "ಒನ್ ಗ್ರಾಂ ಗೋಲ್ಡ್ ಕಣ್ರಮ್ಮ. ಮೇಲೆ ಚಿನ್ನ, ಒಳಗೆ ತಾಮ್ರ" ಅಂದರೆ ಎಲ್ಲರೂ ತಮ್ಮ ತಮ್ಮ ಬಳೆ ಮುಟ್ಟಿಕೊಳ್ಳುತ್ತಾರೆ, ಇನ್ನು ವಿವರಿಸುವುದೇ ಬೇಡ. ರೈಲಿನ ಕಂಪನಿಗಳು ಇಡೀ ದೇಶದ ಗಡಿಯಾರಗಳನ್ನು ಸಾಲಿಗೆ ತಂದವು, ಅದಕ್ಕೆ ಮೊದಲು ಊರೂರಿಗೂ ಬೇರೆ ಬೇರೆ ಹೊತ್ತು ಎಂದು ಹೇಳಿದರೆ ಹಿಂದಿನ ಬೆಂಚಿನವನು, "ನಮ್ಮ ಬಸ್ಸುಗಳು ಇವತ್ತಿಗೂ ಹಂಗೇ ಅದಾವೆ ಬಿಡ್ರಿ ಮೇಡಂ" ಅನ್ನುತ್ತಾನೆ.

ಉಕ್ಕಿನ ಕಾರ್ಖಾನೆಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ದುಡಿಸುತ್ತಿದ್ದುದನ್ನು, ಕೂಲಿ ಕಡಿಮೆ ಮಾಡಿದಾಗ ಜನ ಕೆಲಸ ನಿಲ್ಲಿಸಿ ಗೇಟಿನ ಮುಂದೆ ನಿಂತು ಗುಂಡೇಟು ತಿಂದದ್ದನ್ನು ಹೇಳಿದ ದಿನ ಅದೇ ಹುಡುಗ ಕೇಳಿದ: "ನೀವೂ ಡಿ.ಸಿ. ಆಫೀಸ್ ಮುಂದೆ ಧರಣಿ ಕುಂತಿದ್ರಲ್ಲ ಮೇಡಂ, ನಿಮ್ದೇನಾಯ್ತು?"

"ಮೂರು ದಿನ ಕುಂತು ಎದ್ದು ಬಂದ್ವಪ್ಪ."

"ಹಂಗಾದ್ರೆ ಅಮೆರಿಕದೋರೇ ವಾಸಿ. ಗುಂಡೇಟಾದ್ರೂ ತಿಂದ್ರು."

ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಆ ವರ್ಷ ತರಗತಿಯಲ್ಲಿ ತಾಳ್ಯದ ಇಬ್ಬರು ಹುಡುಗಿಯರಿದ್ದರು. ಒಬ್ಬಳು ಕುರಿ ಸಾಕುವವರ ಮನೆಯವಳು. ಐದನೆಯ ಸೆಮಿಸ್ಟರಿನವರೆಗೆ ಒಂದು ದಿನವೂ ತಪ್ಪಿಸಿದವಳಲ್ಲ. ಕೊನೆಯ ಸೆಮಿಸ್ಟರ್ ಶುರುವಾಗುವ ಮುಂಚೆ ಅವರಪ್ಪ ಕಟ್ಟುತ್ತಿದ್ದ ಯಾರದೋ ಮನೆಯ ಸಾರ್ವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡು ಮಂಚ ಹಿಡಿದ. ಮನೆ ನಡೆಯಬೇಕಲ್ಲ, ಹುಡುಗಿ ಹೈವೇ ಪಕ್ಕದ ಗಾರ್ಮೆಂಟ್ಸ್‌ಗೆ ಸೇರಿದಳು. ಬೆಳಗ್ಗೆ ಆರಕ್ಕೆ ಊರಿಗೆ ವ್ಯಾನು ಬರುತ್ತದೆ, ಸಂಜೆ ಏಳಕ್ಕೆ ತಂದು ಬಿಡುತ್ತದೆ. ಆ ಗಾರ್ಮೆಂಟ್ಸ್‌ಗೆ ವಾರದ ರಜೆ ಮಂಗಳವಾರ. ಹಾಗಾಗಿ ಮಂಗಳವಾರ ಮಾತ್ರ ಅವಳು ಕಾಲೇಜಿಗೆ ಬರುತ್ತಿದ್ದಳು.

ನಮ್ಮಲ್ಲಿ ಪ್ರತಿ ವಿಷಯಕ್ಕೂ ಮುಕ್ಕಾಲು ಪಾಲು ಹಾಜರಿ ಇರಬೇಕು. ಇಲ್ಲದಿದ್ದರೆ ಆ ವಿಷಯದ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲ. ಅವಳಿಗೆ ಆ ವರ್ಷವೇ ಡಿಗ್ರಿ ಮುಗಿಯಬೇಕಿತ್ತು. ಅವಳ ಸೋದರಮಾವ ಗಡುವು ಕೊಟ್ಟಿದ್ದ. ಈ ಸಲ ಪಾಸಾದರೆ ಬಿ.ಎಡ್. ಓದಲಿ, ತಾನೇ ಸೇರಿಸುತ್ತೇನೆ. ಇಲ್ಲದಿದ್ದರೆ ತನ್ನ ಮಗನಿಗೆ ತಂದುಕೊಳ್ಳುತ್ತೇನೆ ಎಂದು. ಆ ಮಗ ಯಾರು, ಹೇಗೆ ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. "ನಾನು ಟೀಚರ್ ಆಗ್ಬೇಕು ಮೇಡಂ, ನಿಮ್ಮಂಗೆ" ಎಂದು ಮಾತ್ರ ಒಮ್ಮೆ ಹೇಳಿದ್ದಳು. ನನ್ನ ಹಂಗೆ ಬೇಡ ಎಂದು ನಾನು ಹೇಳಲಿಲ್ಲ.

ಹಾಜರಿ ಕೂಗುವಾಗ ಅವಳ ಹೆಸರಿಗೆ ಬೇರೊಂದು ಗಂಟಲು ಓಗೊಡುತ್ತಿತ್ತು. ಮೊದಲನೆಯ ವಾರವೇ ನನಗೆ ಗೊತ್ತಾಯಿತು. ತರಗತಿ ಬಿಟ್ಟ ಮೇಲೆ ಅವಳ ಊರಿನ ಗೆಳತಿಯನ್ನು ನಿಲ್ಲಿಸಿದೆ.

"ಎರಡೆರಡು ಸಲ ಯಾಕೆ ಕೂಗ್ತೀಯಮ್ಮ? ನಿನ್ನ ಗಂಟಲು ನಂಗೆ ಗೊತ್ತಿಲ್ವ?"

ಹುಡುಗಿ ಹೆದರಲಿಲ್ಲ. "ಮುಯ್ಯಿ ಮೇಡಂ" ಅಂದಳು.

"ಯಾವ ಮುಯ್ಯಿ?"

"ನಾನು ಅವಳ ಹೆಸರಿಗೆ ಕೂಗ್ತೀನಿ, ಮಂಗಳವಾರ ಸಂಜೆ ಅವ್ಳು ನಮ್ಮನೇರ ಸೀರೆ ಜಾಕೀಟು ಹೊಲೀತಾಳೆ. ನಮ್ಮವ್ವಂದು ಎರ್ಡು, ಅತ್ತಿಗೇದು ಮೂರು ಆಗ್ಯಾವೆ."

ನಮ್ಮ ಕಡೆ ಕಳೆ ತೆಗೆಯುವಾಗ, ಈರುಳ್ಳಿ ಕೀಳುವಾಗ ಮುಯ್ಯಾಳು ಹೋಗುವುದುಂಟು. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ, ಕೂಲಿಯ ಮಾತಿಲ್ಲ. ನಮ್ಮಮ್ಮನೂ ಹೋದವಳೇ. ಹಾಜರಿಗೂ ಮುಯ್ಯಾಳು ಬರಬಹುದು ಎಂದು ಯಾವ ನಿಯಮದಲ್ಲೂ ಇಲ್ಲ. ಬರಬಾರದು ಎಂದು ಆ ಮಗುವಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಉಳಿದ ವಿಷಯಗಳ ಅಧ್ಯಾಪಕರೂ ಕಂಡೂ ಕಾಣದಂತೆ ಇದ್ದರು. ಅವಳ ಸಾಲಿನಲ್ಲಿ ನನ್ನ ಕೈ ತಾನಾಗಿಯೇ 'ಪಿ' ಬರೆಯುವುದನ್ನು ಕಲಿತುಬಿಟ್ಟಿತು.

ಒಂದು ಮಂಗಳವಾರ ಬರೆಯಲು ಕೊಟ್ಟೆ: ಆ ಕಾಲದ ಅಮೆರಿಕದ ಕಾರ್ಖಾನೆಯ ಕೆಲಸಗಾರ್ತಿಯ ಒಂದು ದಿನ. ಎಲ್ಲರೂ ಗೈಡಿನ ಆರು ಪುಟವನ್ನೇ 'ನಾನು' ಎಂದು ಬದಲಾಯಿಸಿ ಬರೆದು ತಂದರು. ತಾಳ್ಯದ ಹುಡುಗಿ ಮುಂದಿನ ಮಂಗಳವಾರ ನಾಲ್ಕು ಪುಟ ತಂದಳು. ಅವಳ ಅಮೆರಿಕದ ಹುಡುಗಿ ಕತ್ತಲಿರುವಾಗಲೇ ಕುದುರೆಗಾಡಿ ಹತ್ತುತ್ತಾಳೆ. ಗಂಟೆಗೆ ಅರವತ್ತು ಕಾಲರ್ ಹೊಲಿಯಬೇಕು. ಎಷ್ಟಾಯಿತು ಎಂದು ತಲೆಯ ಮೇಲಿನ ಬೋರ್ಡಿನಲ್ಲಿ ಗಂಟೆಗೊಮ್ಮೆ ಬರೆಯುತ್ತಾರೆ. ನಲವತ್ತು ಜನರ ಸಾಲಿಗೆ ಬಚ್ಚಲಿಗೆ ಹೋಗಲು ಎರಡೇ ಟೋಕನ್ನು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಬ್ರೆಡ್ಡು ಬೆವೆತಿರುತ್ತದೆ. ನಾನು ಅಲ್ಲಿಗೆ ಬಂದಾಗ ನಕ್ಕೆ, ಬೆವರುವುದು ನಮ್ಮ ಚಿತ್ರಾನ್ನವಲ್ಲವೇ ಎಂದು. ಕೊನೆಯ ಪುಟದಲ್ಲಿ ಹೀಗಿತ್ತು: ಹನ್ನೊಂದು ಗಂಟೆಗೆ ಶಾಲೆಯಲ್ಲಿ ನನ್ನ ಹೆಸರು ಕೂಗುತ್ತಿರುತ್ತಾರೆ, ಯಾರೋ ಓಗೊಡುತ್ತಾರೆ, ಆ ಹೊತ್ತಿಗೆ ಸರಿಯಾಗಿ ನನ್ನದೊಂದು ಕಾಲರ್ ತಪ್ಪುತ್ತದೆ.

ಸ್ಟಾಫ್ ರೂಮಿನಲ್ಲಿ ಕುಳಿತು ಅದನ್ನು ಎರಡು ಸಲ ಓದಿದೆ. ಹದಿನಾಲ್ಕು ವರ್ಷದಲ್ಲಿ ಯಾರೂ ನನಗೆ ಅಂಥದ್ದು ಬರೆದುಕೊಟ್ಟಿರಲಿಲ್ಲ.

ಅದೇ ತಿಂಗಳು ಕಾಲೇಜಿಗೆ ಪರಿಶೀಲನಾ ತಂಡ ಬರುವುದಿತ್ತು. ಪ್ರತಿ ವಿಭಾಗವೂ ಗೋಡೆ ಪತ್ರಿಕೆ ಮಾಡಬೇಕು, ಬರೆದವರ ಹೆಸರು ಮತ್ತು ರಿಜಿಸ್ಟರ್ ನಂಬರು ಕೆಳಗಿರಬೇಕು ಎಂದು ಪ್ರಾಂಶುಪಾಲರು ಸುತ್ತೋಲೆ ಹೊರಡಿಸಿದರು. ಇತಿಹಾಸ ವಿಭಾಗವೆಂದರೆ ನಾನೊಬ್ಬಳೇ. ಬಣ್ಣದ ಹಾಳೆ ತಂದು, ನಾಲ್ಕು ಪುಟವನ್ನೂ ಅಂಟಿಸಿ, ಸುತ್ತ ಜರಿಯ ಪಟ್ಟಿ ಹಚ್ಚಿ, ಕೆಳಗೆ ಅವಳ ಹೆಸರು, ನಂಬರು ದುಂಡಗೆ ಬರೆದು ಕಾರಿಡಾರಿನಲ್ಲಿ ತೂಗುಹಾಕಿದೆ. ಬೇರೆ ವಿಭಾಗಗಳ ಗೋಡೆಗಳಲ್ಲಿ ಗಣ್ಯರ ಭಾವಚಿತ್ರಗಳಿದ್ದವು. ನನ್ನ ಗೋಡೆಯ ಮುಂದೆ ಮಾತ್ರ ಹುಡುಗರು ನಿಂತು ಓದುತ್ತಿದ್ದರು. ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ.

ಮಂಗಳವಾರ ಹುಡುಗಿ ಬಂದು ನೋಡಿದಳು. "ತೆಗೀರಿ ಮೇಡಂ, ಬ್ಯಾಡ" ಅಂದಳು.

"ಸುಮ್ನಿರಮ್ಮ. ಎಷ್ಟು ಚೆನ್ನಾಗೈತೆ."

ಅವಳು ಇನ್ನೊಮ್ಮೆ ಹೇಳಲಿಲ್ಲ. ಗುರುವಾರ ತಂಡ ಬರುತ್ತದೆ, ರಜೆ ಹಾಕಿ ಬಾ ಎಂದೆ. ಶಿಪ್‌ಮೆಂಟ್ ಇದೆ, ಕೇಳಿ ನೋಡುತ್ತೇನೆ ಅಂದಳು.

ಗುರುವಾರ ಅವಳಿಗೆ ರಜೆ ಸಿಗಲಿಲ್ಲ. ನಾನು ಹೊಸ ಸೀರೆ ಉಟ್ಟಿದ್ದೆ, ಪಾಠದ ಯೋಜನೆ ಬರೆದಿಟ್ಟಿದ್ದೆ, ಬೋರ್ಡು ಎರಡು ಸಲ ಒರೆಸಿದ್ದೆ. ಹನ್ನೊಂದಕ್ಕೆ ಹಾಜರಿ ಕೂಗಿದೆ. ಗೆಳತಿ ಎಂದಿನಂತೆ ಓಗೊಟ್ಟಳು, ನನ್ನ ಕೈ ಎಂದಿನಂತೆ 'ಪಿ' ಬರೆಯಿತು. ಇವತ್ತಾದರೂ ಬೇಡ ಎಂದು ಇಬ್ಬರಿಗೂ ಹೊಳೆಯಲಿಲ್ಲ. ಪುಸ್ತಕ ಮುಚ್ಚುವ ಹೊತ್ತಿಗೆ ತಂಡ ಬಾಗಿಲಲ್ಲಿತ್ತು.

ತಂಡದಲ್ಲಿ ಒಬ್ಬರು ವಯಸ್ಸಾದ ಪ್ರೊಫೆಸರ್ ಹೆಂಗಸು. ಹತ್ತಿಯ ಸೀರೆ, ಕನ್ನಡಕಕ್ಕೆ ದಾರ. ನೇರ ಗೋಡೆ ಪತ್ರಿಕೆಯ ಹತ್ತಿರದಿಂದಲೇ ಬಂದಿದ್ದರು.

"ಹೊರಗಡೆ ಕಾರ್ಖಾನೆಯ ಬಗ್ಗೆ ಬರೆದಿದ್ದಾಳಲ್ಲ, ಆ ಹುಡುಗಿ ಯಾರು? ಒಂದು ಸಲ ನೋಡಬೇಕು" ಎಂದರು.

ಪ್ರಾಂಶುಪಾಲರಿಗೆ ಖುಷಿಯಾಯಿತು. ನನ್ನ ಮೇಜಿನ ಮೇಲಿದ್ದ ಹಾಜರಿ ಪುಸ್ತಕ ತೆಗೆದು, ಸಾಲಿನ ಮೇಲೆ ಬೆರಳಿಟ್ಟು, "ಇವತ್ತು ಬಂದಿದ್ದಾಳೆ ಮೇಡಂ" ಎಂದು ಅವಳ ಹೆಸರು ಕೂಗಿದರು.

ನಾನು ಬಾಯಿ ತೆರೆಯುವ ಮುಂಚೆ ಗೆಳತಿ ಎದ್ದು ನಿಂತಳು. ಹೆಸರು ಕೂಗಿದರೆ ತಾನು ಓಗೊಡಬೇಕು, ಅದು ಅವಳ ಕೆಲಸ. ಅಷ್ಟೇ ಅವಳಿಗೆ ತಿಳಿದದ್ದು.

"ನೀನೇನಮ್ಮ ಬರೆದದ್ದು?"

"ಹೂಂ ಮೇಡಂ."

"ಗಂಟೆಗೆ ಅರವತ್ತು ಕಾಲರ್ ಅಂತ ಬರೆದಿದ್ದೀಯ. ಅದನ್ನ ಎಲ್ಲಿ ಓದಿದೆ?"

"ಲೈಬ್ರರೀಲಿ."

"ಯಾವ ಪುಸ್ತಕ?"

ಹುಡುಗಿ ನನ್ನ ಮುಖ ನೋಡಿದಳು. ಪ್ರೊಫೆಸರರೂ ತಿರುಗಿ ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ, "ಶಾಲೇಲಿ ಹೆಸರು ಕೂಗಿದಾಗ ಯಾರೋ ಓಗೊಡ್ತಾರೆ ಅಂತ ಬರುತ್ತಲ್ಲ, ಅದು ಯಾರಮ್ಮ?" ಎಂದು ಕೇಳಿದರು. ಗೆಳತಿ ನಿಂತಲ್ಲೇ ಅಳತೊಡಗಿದಳು. ಆಕೆ ಅವಳ ಭುಜ ಮುಟ್ಟಿ, "ಕೂತ್ಕೊ" ಎಂದರು. ಬೈಯಲಿಲ್ಲ. ಕೈಯಲ್ಲಿದ್ದ ಕಾಗದದಲ್ಲಿ ಏನೋ ಸಣ್ಣದಾಗಿ ಬರೆದುಕೊಂಡು ಹೊರಟರು. ನಾನು ಬರೆದಿಟ್ಟಿದ್ದ ಪಾಠದ ಯೋಜನೆಯನ್ನು ಯಾರೂ ಓದಲಿಲ್ಲ.

ಸಂಜೆ ಪ್ರಾಂಶುಪಾಲರು ಕರೆಸಿದರು. ಕೆಟ್ಟವರಲ್ಲ. ನಿವೃತ್ತಿಗೆ ಎರಡು ವರ್ಷ ಇದ್ದವರು. ಬಾಗಿಲು ಹಾಕಿ, ಟೀ ತರಿಸಿದರು.

"ನಾನೇನು ಮಾಡ್ಲಿ ಹೇಳಿ ಮೇಡಂ. ಅವರು ಬರೆದುಕೊಂಡು ಹೋಗಿದ್ದಾರೆ. ಆ ಹುಡುಗೀದು ನಿಜ ಎಷ್ಟಿದೆಯೋ ಅಷ್ಟು ಹಾಕಿ ಪೋರ್ಟಲ್‌ಗೆ ಏರಿಸಿಬಿಡಿ."

"ಹಾಲ್ ಟಿಕೆಟ್ ಬರಲ್ಲ ಸರ್ ಅವಳಿಗೆ."

"ನಿಮ್ಮ ವಿಷಯಕ್ಕೆ ಮಾತ್ರ ಬರಲ್ಲ. ಉಳಿದ ಪುಸ್ತಕಗಳನ್ನ ಅವರು ಕೇಳಿಲ್ಲ, ನಾನೂ ಕೇಳಲ್ಲ."

ಅವರು ಟೀ ಲೋಟವನ್ನು ನನ್ನ ಕಡೆ ಸರಿಸಿ ಮತ್ತೆ ಹೇಳಿದರು: "ಇನ್ನೊಂದು ದಾರಿ ಐತೆ. ಇವತ್ತು ಒಂದು ದಿನ ಮಾತ್ರ ಕೈತಪ್ಪಾಗಿದೆ, ಉಳಿದ ದಿನ ಹುಡುಗಿ ಬಂದಿದ್ದಾಳೆ ಅಂತ ಬರೆದು ಸಹಿ ಮಾಡಿಕೊಡಿ. ಹಾಗೇ ಕಳಿಸ್ತೀನಿ. ನಾಳೆ ಯಾರಾದ್ರೂ ಗಾರ್ಮೆಂಟ್ಸ್‌ನಲ್ಲಿ ವಿಚಾರಿಸಿದ್ರೆ ಮಾತ್ರ ನೀವುಂಟು, ನಿಮ್ಮ ಮುಂದಿನ ವರ್ಷದ ಕೌನ್ಸೆಲಿಂಗ್ ಉಂಟು. ಇವತ್ತೇ ಹೇಳಬೇಕಾಗಿಲ್ಲ."

ಬಿಳಿ ಹಾಳೆಯ ಮೇಲೆ ಮೂರು ಸಾಲು ಬರೆದೆ. ಸಹಿ ಮಾಡದೆ ಬ್ಯಾಗಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಮನೆಯವರಿಗೆ ತೋರಿಸಿದೆ. ಅವರು ಓದಿ, ಮಡಿಸಿ, ವಾಪಸ್ ಕೊಟ್ಟು, "ನಿನ್ನಿಷ್ಟ" ಎಂದರು. ನಮ್ಮ ಮನೆಯಲ್ಲಿ ನಿನ್ನಿಷ್ಟ ಅಂದರೆ ಬೇಡ ಎಂದರ್ಥ. ಬೆಳಗ್ಗೆ ರೊಟ್ಟಿ ತಟ್ಟುವಾಗ ಸಹಿ ಮಾಡೋಣ ಅನಿಸಿತು. ಬಸ್ಸಿನಲ್ಲಿ ಬೇಡ ಅನಿಸಿತು. ನನಗೆ ನಲವತ್ತಾರು. ಈ ಕೆಲಸ ಬಿಟ್ಟರೆ ಬೇರೇನೂ ಬರುವುದಿಲ್ಲ.

ಎರಡನೆಯ ಪೀರಿಯಡ್ಡು ಖಾಲಿ ಇತ್ತು. ಕೆಂಪು ಪೆನ್ನು ತೆಗೆದುಕೊಂಡೆ. ಮೂವತ್ತೆಂಟು ದಿನ. ಒಂದೊಂದು 'ಪಿ'ಯನ್ನೂ ಹೊಡೆದು, ಪಕ್ಕದಲ್ಲಿ 'ಎ' ಬರೆದು, ಪುಟ್ಟ ಸಹಿ ಹಾಕಬೇಕು. ಮಂಗಳವಾರಗಳನ್ನು ಬಿಟ್ಟು ಬಿಟ್ಟು ಹೋಗಬೇಕು. ಆ ಮೂರು ಸಾಲಿನ ಕೆಳಗೆ ಮಾಡದ ಸಹಿಯನ್ನು ಇಲ್ಲಿ ಮೂವತ್ತೆಂಟು ಸಲ ಮಾಡಿದೆ. ಮಧ್ಯಾಹ್ನ ಪೋರ್ಟಲ್‌ಗೆ ಏರಿಸಿದೆ. ಒತ್ತಿದ ಮೇಲೆ ಮತ್ತೆ ತಿದ್ದಲು ಬರುವುದಿಲ್ಲ.

ಮುಂದಿನ ಮಂಗಳವಾರ ಹುಡುಗಿ ಬರಲಿಲ್ಲ. ಪಾಠ ಮುಗಿಸಿ ನಾನೇ ತಾಳ್ಯದ ಬಸ್ಸು ಹತ್ತಿದೆ.

ಅವಳ ತಾಯಿ ಅಂಗಳದಲ್ಲಿ ಮರಿಗಳಿಗೆ ಸೊಪ್ಪು ಕಟ್ಟುತ್ತಿದ್ದಳು. "ಬರ್ರಿ ಮೇಡಮ್ಮಾರೆ, ಕುಂತ್ಕಳ್ರಿ" ಎಂದು ಗೋಣಿಚೀಲ ಹಾಸಿ, ಟೀಗಿಟ್ಟಳು. ಒಳಗೆ ಮಂಚದ ಮೇಲೆ ಗಂಡಸು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಹುಡುಗಿ ಹೊಲಿಗೆ ಮಿಷನ್ನಿನ ಮುಂದಿದ್ದವಳು ಎದ್ದು ನಿಂತಳು. ನಾನು ಎಲ್ಲ ಹೇಳಿದೆ. ವೈದ್ಯರ ಸರ್ಟಿಫಿಕೇಟು ಕೊಟ್ಟರೂ ಅಷ್ಟೊಂದು ದಿನಕ್ಕೆ ಒಪ್ಪುವುದಿಲ್ಲ, ವಿಚಾರಿಸಿದ್ದೇನೆ ಎಂದೂ ಹೇಳಿದೆ.

ತಾಯಿ ಯೋಚಿಸಿ ಕೇಳಿದಳು: "ಎಷ್ಟು ದಿನ ಕಮ್ಮಿ ಬಿದ್ದಾವೆ?"

"ಮೂವತ್ತೆಂಟು ದಿನ ಬಂದಿಲ್ಲಮ್ಮ."

"ನಾನು ಬಂದು ಕುಂತ್ರೆ ಆಗಲ್ವೇನ್ರಿ? ಕುರಿನ ಪಕ್ಕದ ಮನೇರ ಹಿಂಡಿಗೆ ಬಿಡ್ತೀನಿ. ಬೆಳಗ್ಗೆ ಬಾ ಅಂದ್ರೆ ಬೆಳಗ್ಗೆ, ಸಂಜೆ ಅಂದ್ರೆ ಸಂಜೆ. ಮಾತಾಡಲ್ಲ, ಹಿಂದೆ ಕುಂತ್ಕಂಡಿರ್ತೀನಿ."

"ಸುಮ್ಕಿರವ್ವ" ಎಂದಳು ಹುಡುಗಿ.

"ನಿಂಗೇನ್ ಗೊತ್ತು, ಕೇಳಾದ್ರಾಗೆ ತೆಪ್ಪೇನೈತೆ. ಹೇಳ್ರಿ ಮೇಡಮ್ಮಾರೆ."

ಆಗಲ್ಲಮ್ಮ ಎಂದು ನಾನು ಹೇಳಬೇಕಾಯಿತು. ಅವಳು ಟೀ ಸೋಸಲು ಎದ್ದು ಹೋದಳು. ಆ ಟೀಯಲ್ಲಿ ಸಕ್ಕರೆ ಹೆಚ್ಚಿತ್ತು. ಬಂದವರಿಗೆ ಹೆಚ್ಚು ಹಾಕುವುದು ಆ ಕಡೆ ಮರ್ಯಾದೆ.

ಬಸ್ಸಿನವರೆಗೆ ಹುಡುಗಿ ಬಂದಳು. ಬಸ್ಸಿಗೆ ಕಾಯುವಾಗ ಆ ಮೂರು ಸಾಲಿನ ಕಾಗದದ ವಿಷಯ ನಾನೇ ಹೇಳಿದೆ, ಹೇಳದೆ ಇರಲಾಗಲಿಲ್ಲ.

"ಕೊಟ್ಟಿದ್ರೆ ಆಗ್ತಿತ್ತಾ ಮೇಡಂ?"

"ಆಗ್ತಿತ್ತೇನೋ."

ಅವಳು ರಸ್ತೆ ನೋಡುತ್ತಾ, "ನಿಮ್ದೂ ಕೆಲ್ಸ ಅಲ್ವ" ಅಂದಳು. ಬೈದಿದ್ದರೆ ಮೇಲಿತ್ತು. ಪೂರ್ತಿ ದಾರಿ ಕಿಟಕಿಗೆ ತಲೆ ಆನಿಸಿಕೊಂಡು ಬಂದೆ. ಕಂಡಕ್ಟರ್ ಎರಡು ಸಲ ಟಿಕೆಟ್ ಕೇಳಿದ.

ಅವಳ ಹಾಲ್ ಟಿಕೆಟ್ಟಿನಲ್ಲಿ ಉಳಿದ ಎಲ್ಲ ವಿಷಯಗಳೂ ಇದ್ದವು, ಅಮೆರಿಕದ ಇತಿಹಾಸವೊಂದನ್ನು ಬಿಟ್ಟು. ಗಾರ್ಮೆಂಟ್ಸ್‌ಗೆ ರಜೆ ಹಾಕಿ ಒಂದೊಂದನ್ನೂ ಬಂದು ಬರೆದಳು. ಗೋಡೆಗೆ ಗಣ್ಯರ ಭಾವಚಿತ್ರ ಹಾಕಿದವರ ವಿಷಯಗಳಲ್ಲೆಲ್ಲ ಅವಳು ಪಾಸಾಗುತ್ತಾಳೆ, ನನ್ನದರಲ್ಲಿ ಮಾತ್ರ ಇಲ್ಲ ಎಂದು ನನಗೆ ಗೊತ್ತಿತ್ತು. ಒಂದು ವಿಷಯ ಉಳಿದರೂ ಆ ವರ್ಷ ಬಿ.ಎಡ್. ಇಲ್ಲ.

ನನ್ನ ಪೇಪರಿನ ದಿನವೂ ಅವಳು ಬಂದಿದ್ದಳು. ಗೇಟಿನ ಹತ್ತಿರ ಪೆನ್ನು, ಸ್ಕೇಲು, ನೀರಿನ ಬಾಟಲಿ ಹಿಡಿದು ನಿಂತಿದ್ದಳು. "ಕೊನೇ ಗಳಿಗೇಲಿ ಏನಾದ್ರೂ ಹೆಸರು ಬಂದಿರ್ತೈತೇನೋ ಅಂತ ಬಂದೆ ಮೇಡಂ." ನೋಟಿಸ್ ಬೋರ್ಡಿನ ಪಟ್ಟಿಯನ್ನು ನಾನು ಅವಳ ಜೊತೆ ನಿಂತು ಇನ್ನೊಮ್ಮೆ ನೋಡಿದೆ. ಗಂಟೆ ಹೊಡೆಯಿತು. ನನಗೆ ಕೊಠಡಿ ಮೇಲ್ವಿಚಾರಣೆ ಇತ್ತು, ಒಳಗೆ ಹೋದೆ.

ಪರೀಕ್ಷೆ ಮುಗಿದು ಹೊರಗೆ ಬಂದಾಗ ಬಸ್ ಶೆಲ್ಟರಿನ ಕಟ್ಟೆಯ ಮೇಲೆ ಕುಳಿತಿದ್ದಳು. ಪ್ರಶ್ನೆಪತ್ರಿಕೆ ಕೇಳಿದಳು. ಕೊಟ್ಟೆ. ಮೇಲಿಂದ ಕೆಳಗಿನವರೆಗೆ ಓದಿ, "ಎಲ್ಲಾ ಬರ್ತಿದ್ವು ಮೇಡಂ" ಎಂದಳು. ಆಮೇಲೆ ನಾಲ್ಕನೆಯ ಪ್ರಶ್ನೆಯ ಮೇಲೆ ಬೆರಳಿಟ್ಟು, ಹತ್ತು ಅಂಕದ್ದು, ಕಾರ್ಮಿಕರ ಸ್ಥಿತಿಗತಿಯ ಬಗ್ಗೆ, ಬಾಯಲ್ಲೇ ಬರೆಯತೊಡಗಿದಳು. ಪೀಠಿಕೆ, ರೈಲು, ಉಕ್ಕು, ಕೆಲಸದ ಅವಧಿ, ಹೆಂಗಸರು ಮತ್ತು ಮಕ್ಕಳು, ಮುಷ್ಕರಗಳು. ತನ್ನ ಗಾರ್ಮೆಂಟ್ಸ್‌ನ ಒಂದು ಮಾತೂ ತರಲಿಲ್ಲ. ಪರೀಕ್ಷೆಯಲ್ಲಿ ಬರೆಯುವ ಹಾಗೆಯೇ ನಿಧಾನ ಹೇಳಿದಳು. ನಾನು ಪಕ್ಕದಲ್ಲಿ ಕುಳಿತು ಕೇಳಿದೆ. ಕಡಲೆಕಾಯಿ ಮಾರುವವಳೂ ಬುಟ್ಟಿ ಇಳಿಸಿ ಸ್ವಲ್ಪ ಹೊತ್ತು ಕೇಳಿದಳು.

"ಎಷ್ಟು ಕೊಡ್ತೀರಿ?"

"ಒಂಬತ್ತು."

"ಇನ್ನೊಂದು ಯಾಕೆ ಕಿತ್ಕಂಡ್ರಿ?"

"ಉಪಸಂಹಾರ ಬಿಟ್ಟೆಯಲ್ಲಮ್ಮ."

ಅಷ್ಟರಲ್ಲಿ ತಾಳ್ಯದ ಬಸ್ಸು ಬಂತು. ಪ್ರಶ್ನೆಪತ್ರಿಕೆಯನ್ನು ನಾಲ್ಕು ಮಡಿಕೆ ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡು ಹತ್ತಿದಳು.

ಮುಂದಿನ ಸೋಮವಾರ ಸೋದರಮಾವ ಬಂದು ದಿನ ಗೊತ್ತು ಮಾಡಿ ಹೋದನೆಂದು ಗೆಳತಿ ಹೇಳಿದಳು. ಮದುವೆಯ ಜಾಕೀಟನ್ನೂ ಹುಡುಗಿ ತಾನೇ ಹೊಲಿದುಕೊಂಡಳಂತೆ. ಕೌನ್ಸೆಲಿಂಗಿನಲ್ಲಿ ನನಗೆ ಮತ್ತೆ ಅದೇ ಕಾಲೇಜು, ಅದೇ ಪೇಪರು ಸಿಕ್ಕಿತು.